ಅಪ್ಪ 96 ಪರ್ಸೆಂಟಿನಲ್ಲಿದ್ದಾರೆ

ಮೊನ್ನೆ ರಾತ್ರಿ ಹನ್ನೊಂದೂವರೆಗೆ, ಕೊಲೆ ಮಾಡಿದ್ದು ಯಾರು ಅಂತ ಅಪ್ಪ ನನಗೆ ಹೇಳಿಬಿಟ್ಟರು. ಅಪ್ಪ ಇರುವುದು ಶಿವಮೊಗ್ಗದಲ್ಲಿ, ನಾನಿರುವುದು ಬೆಂಗಳೂರಿನಲ್ಲಿ. ಅವರು ಫೋನ್ ಏನೂ ಮಾಡಿರಲಿಲ್ಲ.

ಆಗಿದ್ದು ಇಷ್ಟು. ನಮ್ಮ ಮನೆಯ ಇ-ರೀಡರ್‌ಗಳಿಗೆಲ್ಲ ಒಂದೇ ಅಕೌಂಟು. ನನ್ನದೊಂದು, ಯಜಮಾನರದೊಂದು, ಅಪ್ಪನದೊಂದು, ಮಗನ ಟ್ಯಾಬ್ ಬೇರೆ. 300 ರೂಪಾಯಿಯ ಪುಸ್ತಕ ಕೊಂಡರೆ ನಾಲ್ಕು ಜನ ಓದಬಹುದು, ತಲೆಗೆ 75 ಬೀಳುತ್ತೆ ಅಂತ ಲೆಕ್ಕ ಹಾಕಿದ ಜಾಣೆ ನಾನೇ. ಆದರೆ ಆ ಅಕೌಂಟಿನ ಪ್ರಕಾರ ನಾವು ನಾಲ್ಕು ಜನ ಅಲ್ಲವೇ ಅಲ್ಲ. ಎಂಟು ಕೈ ಇರುವ ಒಬ್ಬಳೇ ದೇವಿ. ಒಂದು ಕೈಯಲ್ಲಿ ಡೈನೋಸಾರ್, ಒಂದು ಕೈಯಲ್ಲಿ ಕೊಲೆ, ಇನ್ನೊಂದರಲ್ಲಿ ಬೆಳಗ್ಗೆ ಬೇಗ ಏಳುವ ವಿಧಾನ. (ಈ ಕೊನೆಯದು ಯಜಮಾನರದು. ಎರಡು ವರ್ಷದಿಂದ 6 ಪರ್ಸೆಂಟಿನಲ್ಲೇ ನಿದ್ದೆ ಮಾಡುತ್ತಿದೆ.)

ಹಾಗಾಗಿ ಪುಸ್ತಕ ತೆರೆದ ಕೂಡಲೇ ಅದು ಕೇಳುತ್ತೆ: ನೀವು 41 ಪರ್ಸೆಂಟಿನಲ್ಲಿದ್ದೀರಿ, ‘ಅಪ್ಪ’ ಎಂಬ ಸಾಧನದಲ್ಲಿ 96ರವರೆಗೆ ಓದಿ ಆಗಿದೆ, ಅಲ್ಲಿಗೆ ಹೋಗೋಣವೇ? ಅರ್ಧ ನಿದ್ದೆಯಲ್ಲಿ ಬೆರಳು ‘ಹೌದು’ ಮೇಲೆ ಬಿತ್ತು. ಪರದೆ ಒಮ್ಮೆ ಕಪ್ಪಾಗಿ ಬಿಳಿಯಾಯಿತು. ಮುಂದೆ ನಿಂತಿದ್ದವನು ಕೊಲೆಗಾರ. ಅವನ ಹೆಸರಿಗೆ ಅಡಿಗೆರೆ, ಪಕ್ಕದಲ್ಲಿ ಅಪ್ಪನ ಟಿಪ್ಪಣಿ: ‘ಇವನೇ. ನಾನು ಆಗಲೇ ಬರೆದಿದ್ದೆ.’

ಬರೆದಿದ್ದು ನಿಜ. ಮೂರನೇ ಅಧ್ಯಾಯದಲ್ಲಿ ಇನ್ನೂ ಐದು ಜನರ ಮೇಲೆ ‘ಇವನೇ’ ಅಂತ ಬರೆದಿದ್ದರು. ಅದರಲ್ಲಿ ಒಬ್ಬ ಸತ್ತವನೇ.

ಅಪ್ಪ ರಿಟೈರ್ ಆದ ಹೈಸ್ಕೂಲು ಮೇಷ್ಟ್ರು. ಪೆನ್ನಿಲ್ಲದೆ ಪುಸ್ತಕ ಹಿಡಿದು ಗೊತ್ತಿಲ್ಲ. ಊರಿನ ಮನೆಯ ಅಟ್ಟದಲ್ಲಿರುವ ಯಾವ ಪುಸ್ತಕ ತೆಗೆದರೂ ಅಚ್ಚಿನ ತಪ್ಪಿಗೆಲ್ಲ ಕೆಂಪು ಸುತ್ತು, ಕೊನೆಯ ಖಾಲಿ ಹಾಳೆಯಲ್ಲಿ ಮನೆಯ ಲೆಕ್ಕ. ನನ್ನ ಏಳನೇ ಕ್ಲಾಸಿನ ಫೀಸು ಒಂದು ಸಾಮಾಜಿಕ ಕಾದಂಬರಿಯ ಹಿಂದಿದೆ. ಇಂಥವರಿಗೆ ನಾನು ಇ-ರೀಡರ್ ಕೊಟ್ಟು, ಅದರಲ್ಲಿ ಟಿಪ್ಪಣಿ ಬರೆಯುವುದನ್ನೂ ಹೇಳಿಕೊಟ್ಟೆ. ಆಮೇಲೆ ನನ್ನ ಪುಸ್ತಕಗಳೆಲ್ಲ ತಿದ್ದಿದ ಉತ್ತರಪತ್ರಿಕೆ ಆಗಿಹೋದವು. ನಾಯಕ ನಾಯಕಿಯ ಕೈ ಹಿಡಿದ ಜಾಗದಲ್ಲಿ ‘ಗ್ಯಾಸ್ ಬುಕ್’. ಹೆಣ ಸಿಕ್ಕಿದ ಜಾಗದಲ್ಲಿ ‘ಕರೆಂಟ್ ಬಿಲ್ ಜಾಸ್ತಿ, ವಿಚಾರಿಸು’. ಪತ್ತೇದಾರ ಏನೋ ದೊಡ್ಡ ಸುಳಿವು ಹಿಡಿದು ಮಾತಾಡುತ್ತಿದ್ದರೆ ಪಕ್ಕದಲ್ಲಿ ‘ವಾಕ್ಯ ಉದ್ದವಾಯ್ತು’.

ಅದೂ ಕನ್ನಡ ಅಕ್ಷರದಲ್ಲಲ್ಲ. ಆ ಡಬ್ಬಿಯ ಕೀಲಿಮಣೆಯಲ್ಲಿ ಕನ್ನಡ ಇಲ್ಲ. ಹಾಗಾಗಿ ಮೂವತ್ತು ವರ್ಷ ಒತ್ತಕ್ಷರ ತಿದ್ದಿದ ಮನುಷ್ಯ ಈಗ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ. ಪರದೆ ನಿಧಾನ, ಅಪ್ಪನ ಬೆರಳು ಅವಸರದ್ದು, ಹಾಗಾಗಿ ದೀರ್ಘವೂ ಒತ್ತೂ ದಾರಿಯಲ್ಲೇ ಉದುರಿಹೋಗುತ್ತವೆ.

ಕನ್ನಡ ಪುಸ್ತಕವನ್ನೇ ಓದಬಹುದಲ್ಲ ಅಂತ ನೀವು ಕೇಳಬಹುದು. 2016ರ ಕೊನೆಯಲ್ಲಿ ದೊಡ್ಡ ಅಂಗಡಿಯೊಂದು ನಮ್ಮ ಭಾಷೆಗಳ ಇ-ಪುಸ್ತಕ ಮಾರಲು ಹೊರಟಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಅಂತ ಐದು ಹೆಸರು ಕೂಗಿತು. ನಮ್ಮದು ಕೂಗಲಿಲ್ಲ. ಕನ್ನಡ ಇ-ಪುಸ್ತಕದ ಆ್ಯಪ್‌ಗಳು ಫೋನಿನಲ್ಲಿವೆ ನಿಜ, ಆದರೆ ಫೋನಿನ ಬೆಳಕು ಅಪ್ಪನ ಕಣ್ಣಿಗೆ ಆಗಲ್ಲ. ಕೊನೆಗೆ ನಾನೇ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವರು ಸ್ಕ್ಯಾನ್ ಮಾಡಿದ ಹಳೇ ಪುಸ್ತಕವೊಂದನ್ನು ಇಳಿಸಿ ಕಳಿಸಿದೆ. ಅದು ಪುಟದ ಫೋಟೋ ಅಷ್ಟೇ. ಅಕ್ಷರ ದೊಡ್ಡದು ಮಾಡಲು ಆಗಲ್ಲ, ಆರು ಇಂಚಿನ ಪರದೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತೆ. ಮೊದಲಿಗೇ ಉಸ್ಮಾನಿಯಾ ವಿಶ್ವವಿದ್ಯಾಲಯದ ಲೈಬ್ರರಿ ಚೀಟಿ, ಗಡುವಿನೊಳಗೆ ಪುಸ್ತಕ ಹಿಂತಿರುಗಿಸಿ ಅಂತ. ಅಪ್ಪ ಗಾಬರಿಯಾಗಿ ಫೋನ್ ಮಾಡಿದರು. “ಎಂಥ ಮಾರಾಯ್ತಿ, ಇದನ್ನ ಹೈದರಾಬಾದಿಗೆ ಯಾರು ಕೊಂಡೋಗಿ ಕೊಡೋದು?” ತಮಾಷೆಯೋ ನಿಜವೋ ಇವತ್ತಿಗೂ ಗೊತ್ತಿಲ್ಲ.

ಇರಲಿ. ಕೊಲೆಗಾರನ ವಿಷಯಕ್ಕೆ ಬರ್ತೀನಿ. ಸಿಟ್ಟು ಬಂದು ನಿನ್ನೆ ಬೆಳಗ್ಗೆ ಈ ಪುಟ ಹೊಂದಿಸುವ ವ್ಯವಸ್ಥೆಯನ್ನೇ ಬಂದ್ ಮಾಡೋಣ ಅಂತ ಕೂತೆ. ಬಂದ್ ಮಾಡಿದರೆ ನನ್ನ ಫೋನಿಗೂ ನನ್ನ ರೀಡರಿಗೂ ಮಾತು ನಿಂತುಹೋಗುತ್ತೆ. ಮೆಟ್ರೋದಲ್ಲಿ ಫೋನಿನಲ್ಲಿ ಓದಿದ್ದನ್ನು ರಾತ್ರಿ ಮತ್ತೆ ಹುಡುಕಬೇಕು. ಅದೂ ಬೇಡ ಅಂತ ಇನ್ನೊಂದು ಪುಸ್ತಕ ತೆರೆದರೆ ಅಲ್ಲೂ ಅದೇ ಪ್ರಶ್ನೆ. ಈ ಸಲ ಬೆರಳು ತಡೆದು ಪೂರ್ತಿ ಓದಿದೆ. ‘ಅಪ್ಪ’, 58 ಪರ್ಸೆಂಟು, ಬೆಳಗಿನ ಜಾವ 3:12.

3:12ಕ್ಕೆ ಇವರಿಗೆ ಏನು ಓದು?

ಟಿಪ್ಪಣಿಗಳನ್ನು ತೆಗೆದೆ. ಕಳೆದ ವಾರದ್ದೊಂದಿತ್ತು: ಎಚ್, ಎ, ಎಲ್, ಯು, ಆಮೇಲೆ 2, ಶುಕ್ರವಾರ. ಆಗಲೇ ಓದಿ ನಕ್ಕಿದ್ದೆ. ಎರಡು ಲೀಟರ್ ಹಾಲು ಯಾಕೋ, ಒಬ್ಬರೇ ಪಾಯಸ ಮಾಡ್ಕೋತಾರೇನೋ ಅಂತ. ಅಮ್ಮ ಹೋದ ಮೇಲೆ ಆ ಮನೆಗೆ ದಿನಕ್ಕೆ ಅರ್ಧ ಲೀಟರೇ ಜಾಸ್ತಿ.

ಫೋನ್ ಮಾಡಿದೆ. “ಏನ್ ಪುಟ್ಟಿ” ಅನ್ನುವುದು ‘ಏನ್ ಫುತ್ತಿ’ ಅಂತ ಕೇಳಿಸಿತು.

“ಅಪ್ಪಾ, ಹಲ್ಲು ತೆಗೆಸಿದ್ರಾ?”

“ಎರಡೇ. ಶುಕ್ರವಾರ. ಬರೆದಿದ್ದೆನಲ್ಲ, ನೋಡ್ಲಿಲ್ವಾ?”

ನಾನು ಅದನ್ನು ಹಾಲು ಅಂದ್ಕೊಂಡೆ ಅಂತ ಹೇಳಲು ಬಾಯಿ ಬರಲಿಲ್ಲ. ದಿನಾ ಫೋನಿನಲ್ಲಿ ಊಟ ಆಯ್ತಾ, ಮಳೆ ಬಂತಾ ಅಂತ ಕೇಳುತ್ತೇನೆ. ಆಯ್ತು, ಬಂತು ಅನ್ನುತ್ತಾರೆ. ನಿದ್ದೆ ಬರದ ರಾತ್ರಿಗಳ ಲೆಕ್ಕ ಮಾತ್ರ ಆ ಡಬ್ಬಿಯ ಹತ್ತಿರ ಇತ್ತು, ನಾನು ಪ್ರತಿ ಸಲ ಬೈದು ‘ಬೇಡ’ ಒತ್ತುತ್ತಿದ್ದೆ.

ಬಂದ್ ಮಾಡುವ ಯೋಚನೆ ಸದ್ಯಕ್ಕೆ ಬಿಟ್ಟಿದ್ದೇನೆ. ನಿನ್ನೆ ರಾತ್ರಿ ಹೊಸ ಪುಸ್ತಕದ ಹತ್ತನೇ ಪರ್ಸೆಂಟಿನಲ್ಲಿ ನಾನೇ ಒಂದು ಟಿಪ್ಪಣಿ ಬರೆದಿಟ್ಟೆ, ಅದೇ ಹರಕು ಇಂಗ್ಲಿಷ್ ಅಕ್ಷರದಲ್ಲಿ: ‘ನೋವಿನ ಮಾತ್ರೆ ತಗೊಂಡ್ರಾ?’

ಬೆಳಗ್ಗೆ ಅದರ ಕೆಳಗೆ ಉತ್ತರ ಬಂದಿತ್ತು. ‘ತಗೊಂಡೆ. ಅಡುಗೆಯವನ ಮೇಲೆ ಒಂದು ಕಣ್ಣಿಡು.’