ಮಂಕಾದ ಫಾರ್ಮ್ ಅಳಿಸಬೇಡಿ, ಮೊದಲು ಕ್ವೆರಿ ತೆರೆದು ನೋಡಿ

ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಫಾರ್ಮ್ (ಮಾಹಿತಿ ತುಂಬುವ ಪರದೆ) ಮಾಡುವವರಿಗೆಲ್ಲ ಈ ಕಾಟ ಗೊತ್ತು. ನಿನ್ನೆವರೆಗೆ ಸರಿಯಿದ್ದ ಫಾರ್ಮ್‌ನಲ್ಲಿ ಇವತ್ತು ಹೊಸ ರೆಕಾರ್ಡ್ ಬಟನ್ ಮಂಕಾಗಿರುತ್ತದೆ, ಎಷ್ಟು ಟೈಪ್ ಮಾಡಿದರೂ ಅಕ್ಷರ ಮೂಡುವುದಿಲ್ಲ. ಪ್ರಾಪರ್ಟಿ ಶೀಟ್ ತೆರೆದರೆ ಅಲೋ ಎಡಿಟ್ಸ್, ಅಲೋ ಅಡಿಷನ್ಸ್ ಎರಡೂ ಯೆಸ್ ಅಂತಲೇ ಇವೆ. ಆಗ ಬಹಳ ಜನ ಫಾರ್ಮನ್ನೇ ಅಳಿಸಿ ಹೊಸದಾಗಿ ಕಟ್ಟಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫಾರ್ಮ್‌ಗೆ ಸ್ವಂತ ಅಧಿಕಾರ ಇಲ್ಲ, ರೆಕಾರ್ಡ್ ಸೋರ್ಸ್, ಅಂದರೆ ಅದಕ್ಕೆ ಮಾಹಿತಿ ಒದಗಿಸುವ ಟೇಬಲ್ ಅಥವಾ ಕ್ವೆರಿ (ಟೇಬಲ್‌ಗಳಿಂದ ಬೇಕಾದ ಮಾಹಿತಿ ಆರಿಸಿ ಕೊಡುವ ಆಜ್ಞೆ), ಎಷ್ಟು ಬಿಡುತ್ತದೋ ಅಷ್ಟನ್ನೇ ಅದು ತಿದ್ದಬಲ್ಲದು.

ರೆಕಾರ್ಡ್ ಸೋರ್ಸ್‌ನಲ್ಲಿರುವ ಕ್ವೆರಿಯನ್ನು ನೇರವಾಗಿ ಡೇಟಾಶೀಟ್ ವ್ಯೂನಲ್ಲಿ ತೆರೆಯಿರಿ. ಕೊನೆಯಲ್ಲಿ ನಕ್ಷತ್ರ ಚಿಹ್ನೆಯ ಖಾಲಿ ಸಾಲು ಇದೆಯೇ? ಇಲ್ಲದಿದ್ದರೆ ರೋಗ ಕ್ವೆರಿಯಲ್ಲಿದೆ, ಫಾರ್ಮ್‌ನಲ್ಲಿ ಏನು ಬದಲಿಸಿದರೂ ವ್ಯರ್ಥ.

ಹೆಚ್ಚಾಗಿ ಆಗುವುದು ಹೀಗೆ. ವಿದ್ಯಾರ್ಥಿಗಳ ಫಾರ್ಮ್‌ನಲ್ಲಿ ಕಟ್ಟಿದ ಶುಲ್ಕದ ಮೊತ್ತವೂ ಕಾಣಲಿ ಅಂತ ಯಾರೋ ಕ್ವೆರಿಗೆ ಶುಲ್ಕದ ಟೇಬಲ್ ಸೇರಿಸಿ ಟೋಟಲ್ಸ್ ಒತ್ತಿರುತ್ತಾರೆ. ಅದರಿಂದ ಗ್ರೂಪ್ ಬೈ, ಅಂದರೆ ಸಾಲುಗಳನ್ನು ಗುಂಪು ಮಾಡುವ ಆಜ್ಞೆ, ಬಂತೆಂದರೆ ಹತ್ತು ರಸೀದಿ ಸೇರಿ ಒಂದು ಸಾಲಾಗುತ್ತದೆ. ಆ ಸಾಲನ್ನು ತಿದ್ದಿದರೆ ಯಾವ ರಸೀದಿಗೆ ಬರೆಯಬೇಕು? ಅದಕ್ಕೇ ಆಕ್ಸೆಸ್ ಪೂರ್ತಿ ಬೀಗ ಹಾಕುತ್ತದೆ, ವಿದ್ಯಾರ್ಥಿಯ ಹೆಸರಿಗೂ ಸೇರಿಸಿ. ಕ್ವೆರಿಯಲ್ಲಿ ಡಿಸ್ಟಿಂಕ್ಟ್ (ಒಂದೇ ತರಹದ ಸಾಲುಗಳನ್ನು ಒಂದಾಗಿಸುವುದು), ಯೂನಿಯನ್ (ಹಲವು ಕ್ವೆರಿಗಳ ಸಾಲುಗಳನ್ನು ಜೋಡಿಸುವುದು), ಕ್ರಾಸ್‌ಟ್ಯಾಬ್ (ಅಡ್ಡ-ಉದ್ದ ಸಾರಾಂಶ ಪಟ್ಟಿ) ಇದ್ದರೂ ಇದೇ ಗತಿ. ಪರಿಹಾರ ಸುಲಭ: ಮೊತ್ತವನ್ನು ಕ್ವೆರಿಯಿಂದ ತೆಗೆಯಿರಿ, ಫಾರ್ಮ್‌ನಲ್ಲಿ ಒಂದು ಟೆಕ್ಸ್ಟ್ ಬಾಕ್ಸ್ ಇಟ್ಟು ಅದರ ಕಂಟ್ರೋಲ್ ಸೋರ್ಸ್‌ನಲ್ಲಿ ಡಿಸಮ್ (DSum, ಷರತ್ತಿಗೆ ಹೊಂದುವ ಸಾಲುಗಳ ಮೊತ್ತ ಕೊಡುವ ಫಂಕ್ಷನ್) ಬಳಸಿ. ಡಿಸಮ್‌ನ ಷರತ್ತಿನಲ್ಲಿ ವಿದ್ಯಾರ್ಥಿ ಸಂಖ್ಯೆಗೆ ಎನ್‌ಝಡ್ (Nz, ಖಾಲಿ ಇದ್ದರೆ ಬದಲಿ ಬೆಲೆ ಕೊಡುವ ಫಂಕ್ಷನ್) ಹಾಕಿ ಖಾಲಿ ಇದ್ದಾಗ 0 ಕೊಡಿ. ಮರೆತರೆ ಹೊಸ ರೆಕಾರ್ಡ್‌ನಲ್ಲಿ ಆ ಬಾಕ್ಸ್ ಎರರ್ ತೋರಿಸುತ್ತದೆ. ಈಕ್ವಲ್ ಚಿಹ್ನೆಯಿಂದ ಶುರುವಾಗುವ ಬಾಕ್ಸ್‌ನಲ್ಲಿ ಟೈಪ್ ಮಾಡಲು ಬರುವುದಿಲ್ಲ, ಅದು ದೋಷವಲ್ಲ.

ಟೇಬಲ್ ಹೊರಗಿನದಾದರೆ ಕಥೆ ಬೇರೆ. ಎಸ್‌ಕ್ಯೂಎಲ್ ಸರ್ವರ್‌ನಿಂದ ಲಿಂಕ್ ಮಾಡಿದ ಟೇಬಲ್‌ಗೆ ಪ್ರೈಮರಿ ಕೀ ಅಥವಾ ಯೂನಿಕ್ ಇಂಡೆಕ್ಸ್ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಫೀಲ್ಡ್) ಇಲ್ಲದಿದ್ದರೆ ಅದು ಓದಲು ಮಾತ್ರ. ಸರ್ವರ್‌ನಲ್ಲಿ ಕೀ ಸೇರಿಸಿ, ಹಳೇ ಲಿಂಕ್ ತೆಗೆದು ಮತ್ತೆ ಲಿಂಕ್ ಮಾಡಿ. ಸರ್ವರ್‌ನ ವ್ಯೂ (ಅಲ್ಲಿ ಉಳಿಸಿಟ್ಟ ಕ್ವೆರಿ) ಲಿಂಕ್ ಮಾಡುವಾಗ ಯೂನಿಕ್ ಫೀಲ್ಡ್ ಯಾವುದು ಅಂತ ಆಕ್ಸೆಸ್ ಕೇಳುತ್ತದೆ. ಏನೂ ಆರಿಸದೆ ಓಕೆ ಒತ್ತಿದವರೇ ಆಮೇಲೆ ಒದ್ದಾಡುವುದು. ಎಕ್ಸೆಲ್ ಶೀಟ್ ಲಿಂಕ್ ಮಾಡಿದ್ದರೆ ತಿದ್ದುವ ಆಸೆ ಬಿಡಿ. ಕಾನೂನು ಕಾರಣಕ್ಕೆ ಆಫೀಸ್ 2003ರ ಸರ್ವಿಸ್ ಪ್ಯಾಕ್ 2ರಲ್ಲೇ ಆ ಸೌಲಭ್ಯ ತೆಗೆದರು. ಇಂಪೋರ್ಟ್ ಮಾಡಿಕೊಳ್ಳಿ.

ಕ್ವೆರಿ ಸರಿಯಿದ್ದರೆ ಮಾತ್ರ ಫಾರ್ಮ್ ಕಡೆ ತಿರುಗಿ. ರೆಕಾರ್ಡ್‌ಸೆಟ್ ಟೈಪ್ ಸ್ನ್ಯಾಪ್‌ಶಾಟ್ (ಓದಲು ಮಾತ್ರ) ಆಗಿದ್ದರೆ ಡೈನಾಸೆಟ್ (ತಿದ್ದಬಹುದಾದ ಬಗೆ) ಮಾಡಿ. ನ್ಯಾವಿಗೇಷನ್ ಪೇನ್‌ನಿಂದ ತೆರೆದಾಗ ತಿದ್ದಲು ಬಂದು, ಮೆನು ಬಟನ್‌ನಿಂದ ತೆರೆದಾಗ ಬರದಿದ್ದರೆ ಆ ಬಟನ್‌ನ ಓಪನ್‌ಫಾರ್ಮ್ ಮ್ಯಾಕ್ರೋದಲ್ಲಿ ಡೇಟಾ ಮೋಡ್ ರೀಡ್ ಓನ್ಲಿ ಇರುತ್ತದೆ. ಅದು ಫಾರ್ಮ್‌ನ ಪ್ರಾಪರ್ಟಿಯನ್ನೂ ಮೀರುತ್ತದೆ.

ಒಂದೇ ಒಂದು ಬಾಕ್ಸ್ ಹಟ ಹಿಡಿದಿದ್ದರೆ ಎನೇಬಲ್ಡ್, ಲಾಕ್ಡ್ ಎರಡನ್ನೂ ಜೊತೆಯಲ್ಲಿ ಓದಿ. ಎರಡೂ ನೋ ಇದ್ದರೆ ಬಾಕ್ಸ್ ಮಂಕಾಗುತ್ತದೆ. ಎನೇಬಲ್ಡ್ ನೋ, ಲಾಕ್ಡ್ ಯೆಸ್ ಇದ್ದರೆ ನೋಡಲು ಚೆನ್ನಾಗಿಯೇ ಇರುತ್ತದೆ, ಕ್ಲಿಕ್ ಮಾತ್ರ ಆಗದು. ಎರಡೂ ಯೆಸ್ ಆದರೆ ಕಾಪಿ ಮಾಡಬಹುದು, ತಿದ್ದಲಾಗದು. ಇವೆಲ್ಲ ಸರಿಯಿದ್ದೂ ಕೆಲವು ರೆಕಾರ್ಡ್‌ಗಳಲ್ಲಷ್ಟೇ ಮಂಕಾಗುತ್ತಿದ್ದರೆ ಕಂಡಿಷನಲ್ ಫಾರ್ಮ್ಯಾಟಿಂಗ್ ತೆರೆಯಿರಿ. ಬಣ್ಣದ ಆಯ್ಕೆಗಳ ಪಕ್ಕ ಸಣ್ಣದೊಂದು ಎನೇಬಲ್ಡ್ ಬಟನ್ ಇದೆ. ಬಣ್ಣ ಆರಿಸುವಾಗ ಕೈತಪ್ಪಿ ಅದನ್ನು ಒತ್ತಿದರೂ ಸಾಕು, ಆ ಷರತ್ತು ಹೊಂದುವ ರೆಕಾರ್ಡ್‌ಗಳಲ್ಲೆಲ್ಲ ಬಾಕ್ಸ್ ಮುಚ್ಚಿಕೊಳ್ಳುತ್ತದೆ.

ಡಿಸೈನ್ ವ್ಯೂ ಆಯ್ಕೆಯೇ ಮಂಕಾಗಿದೆಯೇ? ಫೈಲ್ ಹೆಸರಿನ ಕೊನೆ ನೋಡಿ. ಎಸಿಸಿಡಿಇ ಇದ್ದರೆ ಅದರಲ್ಲಿ ಫಾರ್ಮ್ ತಿದ್ದಲು ದಾರಿಯೇ ಇಲ್ಲ, ಮೂಲ ಎಸಿಸಿಡಿಬಿ ಫೈಲ್ ಯಾರ ಬಳಿ ಇದೆಯೋ ಅವರನ್ನೇ ಕೇಳಬೇಕು.