ಎಕ್ಸೆಲ್‌ನಲ್ಲಿ ಮಾತ್ರ ಲಾಭ ಕೊಡುವ ಮನೆ

ಮನೆ ಬೆಲೆ ದಿನದಿನಕ್ಕೂ ಏರುತ್ತಿದೆಯಂತೆ, ಅದಕ್ಕೇ ಈಗಲೇ ಒಂದು ಕೊಂಡು ಬಾಡಿಗೆಗೆ ಬಿಡಬೇಕಂತೆ. ಸಾಲದ ಕಂತೆಲ್ಲ ಬಾಡಿಗೆಯಲ್ಲೇ ತೀರಿ, ಮೇಲೆ ನಾಲ್ಕು ಕಾಸು ಕೈಗೆ ಉಳಿಯುತ್ತದಂತೆ. ಇದರ ಹೆಸರು ಪಾಸಿಟಿವ್ ಕ್ಯಾಶ್ ಫ್ಲೋ. ಕೇಳೋಕೆ ಎಷ್ಟು ಚೆಂದ ಅಲ್ವಾ?

ಸುಮ್ನೆ ಒಂದು ಲೆಕ್ಕ ಹಾಕೋಣ. ಮನೆ ಬೆಲೆ 100, ವರ್ಷದ ಬಾಡಿಗೆ 3 ಅಂದುಕೊಳ್ಳಿ. 80 ಸಾಲ, ಶೇ. 8 ಬಡ್ಡಿ, 20 ವರ್ಷ. ವರ್ಷದ ಕಂತೇ 8 ದಾಟುತ್ತದೆ. ತೆರಿಗೆ, ವಿಮೆ, ರಿಪೇರಿ ಇನ್ನೂ ಬಾಗಿಲ ಹೊರಗೇ ನಿಂತಿವೆ. ತಿಂಗಳ ಬಾಡಿಗೆ ಬೆಲೆಯ ಶೇ. 1 ಇರುವ ಮನೆ ಹುಡುಕಿ ಅಂತ ಒಂದು ಸೂತ್ರವೂ ಇದೆ. ನಮ್ಮ ಮನೆ ಶೇ. 0.25ಕ್ಕೇ ಏದುಸಿರು ಬಿಡುತ್ತಿದೆ. ಬೆಲೆ ಏರಿಸೋಕೆ ಸಾಲವೂ ಇದೆ, ಆಸೆಯೂ ಇದೆ. ಬಾಡಿಗೆ ಮಾತ್ರ ಯಾರದೋ ಸಂಬಳದಿಂದಲೇ ಬರಬೇಕು. ಇನ್ನು ಆ ಸೂತ್ರಕ್ಕೆ ಒಪ್ಪುವ ಮನೆ ಇದ್ದವನು ಅದನ್ನು ನಿಮಗ್ಯಾಕೆ ಮಾರುತ್ತಾನೆ, ಪುಣ್ಯಕ್ಕಾ?

ಆದರೆ ಜಾಣರು ಸೋಲಲ್ಲ. ಎಕ್ಸೆಲ್ ತೆಗೆಯುತ್ತಾರೆ. 'ಮನೆ ಖಾಲಿ ಇರುವ ತಿಂಗಳು' ಅನ್ನೋ ಕಡೆ ಸೊನ್ನೆ. 'ರಿಪೇರಿ'ಗೂ ಸೊನ್ನೆ, ಆ ಮನೆಯಲ್ಲಿ ನಲ್ಲಿ ಸೋರಲ್ಲ, ಗೋಡೆಗೆ ತೇವ ಹಿಡಿಯಲ್ಲ, ಬಾಡಿಗೆಯವರು ಬಿಟ್ಟು ಹೋಗುವಾಗ ಸುಣ್ಣಬಣ್ಣವೂ ಬೇಡ. ಇಷ್ಟಾದರೂ ಕೊನೆಯ ಸಾಲು ಕೆಂಪಗೇ ಇದೆ. ಆಗ ಬ್ರಹ್ಮಾಸ್ತ್ರ: ಕೈಯಿಂದ ಹಾಕುವ ದುಡ್ಡನ್ನು 20ರಿಂದ 75ಕ್ಕೆ ಏರಿಸುವುದು. ಸಾಲ 25ಕ್ಕೆ ಇಳಿಯಿತು, ಕಂತು ಎರಡೂವರೆ ಆಯಿತು, ಅರ್ಧ ಉಳಿಯಿತು, ಸಾಲು ಹಸಿರಾಯಿತು! 75 ಸುರಿದು ವರ್ಷಕ್ಕೆ ಅರ್ಧ. ಅದೇ ದುಡ್ಡು ಠೇವಣಿ ಇಟ್ಟಿದ್ದರೆ ಎಷ್ಟು ಬರುತ್ತಿತ್ತು ಅಂತ ಕೇಳಿದರೆ, ನಿಮ್ಮದು ನೆಗೆಟಿವ್ ಮನಸ್ಥಿತಿ.

75 ಇಲ್ಲದವರಿಗೆ ಬೇರೆ ಸಮಾಧಾನ ಇದೆ. "ತಿಂಗಳು ತಿಂಗಳು ಕೈಯಿಂದ ಹೋಗಲಿ ಬಿಡಿ, ಬೆಲೆ ಏರುತ್ತಲ್ಲ!" ಅಲ್ಲಿಗೆ ಕ್ಯಾಶ್ ಫ್ಲೋ ಕಥೆ ಮುಗಿಯಿತು, ಜೂಜು ಶುರುವಾಯಿತು. ಏರಿದ ಬೆಲೆ ತೋರಿಸಿ ಇನ್ನೊಂದು ಸಾಲ ತೆಗೆದು, ಇನ್ನೊಂದು ಮನೆ ಕೊಂಡು, ಎರಡು ಕಡೆ ಕೈಯಿಂದ ಕಟ್ಟುವವರಿಗೆ 'ಇನ್ವೆಸ್ಟರ್' ಅಂತ ಬಡ್ತಿ.

ಇದರಲ್ಲಿ ನಿಜವಾಗಿ ಗೆದ್ದವನು ಬಾಡಿಗೆದಾರ. ಓನರ್ 8 ಕಟ್ಟುವ ಮನೆಯಲ್ಲಿ 3 ಕೊಟ್ಟು ಕಾಲು ಚಾಚಿ ಮಲಗಿದ್ದಾನೆ. ಮಿಕ್ಕ 5 ಓನರ್ ಕೊಡುವ ಸಬ್ಸಿಡಿ. ಅಷ್ಟು ಸಾಲದು ಅಂತ ಬೆಳಗ್ಗೆನೇ ಫೋನ್ ಬೇರೆ: "ಸಾರ್, ಸಿಂಕ್ ಕಟ್ಟಿಕೊಂಡಿದೆ, ಯಾವಾಗ ಸರಿ ಮಾಡಿಸ್ತೀರಾ?"