ಎರಡು ಹಂತ ತಣ್ಣನೆಯ ಪ್ಲಗ್ ಯಾಕೆ?

‘ಹಳೆಯ ಟ್ರಕ್ ಎಂಜಿನ್ ಮಾರ್ಪಡಿಸಿದ್ದೀರಾ? ಎರಡು ಹಂತ ತಣ್ಣನೆಯ ಸ್ಪಾರ್ಕ್ ಪ್ಲಗ್ ಹಾಕಿ’ ಎಂಬ ಲೇಖನದ ಸಲಹೆಯನ್ನು ನಾನಂತೂ ಒಪ್ಪಲಾರೆ. ತಣ್ಣನೆಯ ಪ್ಲಗ್ ಎಂದರೆ ತುದಿಯ ಶಾಖವನ್ನು ಬೇಗ ಹೊರಸಾಗಿಸಿ ತುದಿಯನ್ನು ತಂಪಾಗಿಡುವ ಪ್ಲಗ್. ಬರೀ ಕ್ಯಾಮ್, ಕಾರ್ಬ್ಯುರೇಟರ್, ಹೆಡರ್ (ಹೊಗೆ ಹೊರಹೋಗುವ ಕೊಳವೆಗಳು) ಬದಲಿಸಿದ ಮಾತ್ರಕ್ಕೆ ದಹನ ಕೋಣೆ ಅಷ್ಟೊಂದು ಕಾಯುವುದಿಲ್ಲ. ಪ್ಲಗ್‌ನ ತುದಿ ಸುಮಾರು 450–500 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಅದರ ಮೇಲಿನ ಮಸಿ ತಾನಾಗಿ ಸುಟ್ಟುಹೋಗದು. ಇದೇ ತಪ್ಪು ನಾನೂ ಮಾಡಿದ್ದೆ. ನಿಧಾನ ಓಡಾಟದ ನನ್ನ ಎಂಟು ಸಿಲಿಂಡರಿನ ವಿ8 ಎಂಜಿನ್‌ನಲ್ಲಿ ಎರಡೇ ವಾರಕ್ಕೆ ಎಂಟೂ ಪ್ಲಗ್‌ಗಳಿಗೆ ಕಾಡಿಗೆ ಬಳಿದಂತಾಗಿ, ಬೆಳಗ್ಗೆ ಸ್ಟಾರ್ಟ್ ಮಾಡುವುದೇ ಹರಸಾಹಸ. ಕಂಪನಿ ಹೇಳಿದ ಮೂಲ ಹೀಟ್ ರೇಂಜ್‌ಗೇ (ಪ್ಲಗ್ ಎಷ್ಟು ಬಿಸಿ, ಎಷ್ಟು ತಣ್ಣಗೆ ಎಂಬ ಹಂತ) ಮರಳಿದೆ, ಕಾಟ ತಪ್ಪಿತು.

ಎಂಜಿನ್‌ಗೆ ಹೆಚ್ಚು ಗಾಳಿ, ಆಮ್ಲಜನಕ ತುಂಬುವ ಟರ್ಬೊ, ಸೂಪರ್‌ಚಾರ್ಜರ್, ನೈಟ್ರಸ್ ಇದ್ದರೆ ಮಾತು ಬೇರೆ. ಅಲ್ಲಿ ತುದಿ ಅತಿಯಾಗಿ ಕಾದರೆ ಕಿಡಿಗೂ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ತೂತಾದೀತು. ತಣ್ಣನೆಯ ಪ್ಲಗ್ ಬೇಕು, ಗ್ಯಾಪ್ (ಕಿಡಿ ಹಾರುವ ಸಂದು) ಕೂಡ ಕಿರಿದಾಗಬೇಕು, ಇಲ್ಲವಾದರೆ ಒತ್ತಡಕ್ಕೆ ಕಿಡಿ ನಂದುತ್ತದೆ.

ಲೇಖನ ಬಿಟ್ಟೇಬಿಟ್ಟ ಸಂಗತಿಯೊಂದಿದೆ: ಎನ್‌ಜಿಕೆ ಬ್ರ್ಯಾಂಡ್‌ನಲ್ಲಿ ಹೀಟ್ ರೇಂಜ್‌ನ ಅಂಕಿ ಏರಿದಷ್ಟೂ ಪ್ಲಗ್ ತಣ್ಣಗೆ, ಬಾಷ್, ಚಾಂಪಿಯನ್‌ಗಳಲ್ಲಿ ಪೂರಾ ಉಲ್ಟಾ. ಬ್ರ್ಯಾಂಡ್ ಬದಲಿಸುವಾಗ ಅಂಕಿ ನೋಡಿ ಕೊಂಡವರು ಕೆಟ್ಟರು. ಸಿಲಿಂಡರ್ ಹೆಡ್ (ಪ್ಲಗ್ ಕೂರುವ ಮೇಲ್ಭಾಗ) ಬದಲಿಸಿದ್ದರೆ ಪ್ಲಗ್ ಥ್ರೆಡ್‌ನ ಉದ್ದವನ್ನೂ ಅಳೆಯಿರಿ. ಉದ್ದ ಹೆಚ್ಚಾದರೆ ಪಿಸ್ಟನ್ ನೇರ ಬಂದು ಪ್ಲಗ್‌ಗೇ ಗುದ್ದೀತು.